ಮನೆ ಮಾರಾಟವಾಗಲಿಲ್ಲ, ಇಲ್ಲೇ ಇರುತ್ತೇವೆ

ಮಾನ್ಯ ಸಂಪಾದಕರೇ,

ಮಲೆನಾಡಿನ ಹಳ್ಳಿ ಮನೆಗಳು ಖಾಲಿಯಾಗುತ್ತಿವೆ, ವಯಸ್ಸಾದವರಷ್ಟೇ ಉಳಿದಿದ್ದಾರೆ ಎಂದು ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ನಿಜವೇ. ಆದರೆ ಮನೆ ಮಾರಲು ಹೊರಟು, ಮಾರಾಟವಾಗದೆ, ಕೊನೆಗೆ ಇಲ್ಲೇ ಇರೋಣ ಎಂದು ತೀರ್ಮಾನಿಸಿದವರೂ ಇದ್ದೇವೆ. ನಮ್ಮ ಮಾತನ್ನೂ ಸ್ವಲ್ಪ ಕೇಳಿ.

ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಹೆಂಚಿನ ಮನೆ, ಮುಂದೆ ಅಡಿಕೆ ಒಣಗಿಸುವ ಅಂಗಳ, ಅಂಗಳ ಇಳಿದರೆ ತೋಟ. ಮಗ ಬೆಂಗಳೂರಿನಲ್ಲಿ, ಮಗಳು ಮೈಸೂರಿನಲ್ಲಿ. ನಮ್ಮ ಮನೆಯವರಿಗೆ ಮಂಡಿನೋವು ಜಾಸ್ತಿಯಾದ ಮೇಲೆ, ಇದನ್ನು ಕೊಟ್ಟು ಶಿವಮೊಗ್ಗದಲ್ಲಿ ಸಣ್ಣದೊಂದು ಮನೆ ಮಾಡೋಣ ಎಂದುಕೊಂಡೆವು. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಾಗಿತ್ತು. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಇನ್ನು ಬೆಂಗಳೂರಿನವರು ತಾವಾಗಿಯೇ ಬರುತ್ತಾರೆ ಎಂದು ದಲ್ಲಾಳಿಗಳು ಹೇಳಿದರು.

ಬಂದರು ಕೂಡ. ಜಗಲಿಯ ಕಂಬಗಳನ್ನು ಮುಟ್ಟಿ ನೋಡಿದರು. ಚೆನ್ನಾಗಿದೆ ಎಂದು ಮನಸಾರೆ ಹೇಳಿದರು. ಆಮೇಲೆ ಕಾಗದಪತ್ರ ಕೇಳಿದರು. ಮಾತು ಅಲ್ಲಿಗೇ ನಿಂತುಹೋಗುತ್ತಿತ್ತು.

ಯಾಕೆ ಅಂತ ಬಯಲುಸೀಮೆಯ ಓದುಗರಿಗೆ ಹೇಳಬೇಕು. ಅಲ್ಲಿ ಊರು ಎಂದರೆ ಮನೆಗಳೆಲ್ಲ ಒಂದೇ ಕಡೆ ಒತ್ತಾಗಿ ಇರುತ್ತವೆ. ಅದು ಗ್ರಾಮಠಾಣಾ. ನಮ್ಮಲ್ಲಿ ಹಾಗಿಲ್ಲ. ತೋಟ ಇದ್ದಲ್ಲಿ ಮನೆ. ಪಕ್ಕದ ಮನೆಗೆ ಹೋಗಲು ಗುಡ್ಡ ಹತ್ತಿ ಇಳಿಯಬೇಕು. ಹೀಗಾಗಿ ಎಷ್ಟೋ ಮನೆಗಳು ಇರುವುದು ಕೃಷಿ ಜಮೀನಿನ ಸರ್ವೆ ನಂಬರಿನಲ್ಲೇ. ನಮ್ಮ ಪಹಣಿಯಲ್ಲಿ ಭಾಗಾಯ್ತು, ಅಂದರೆ ತೋಟದ ಜಮೀನು, ಇಷ್ಟು ಎಕರೆ, ಇಷ್ಟು ಗುಂಟೆ ಎಂದಿದೆ. ನಾಲ್ಕು ತಲೆಮಾರು ಬಾಳಿದ ಮನೆಯ ಸುದ್ದಿಯೇ ಅದರಲ್ಲಿಲ್ಲ. ಪಂಚಾಯಿತಿಗೆ ಮನೆ ಕಂದಾಯ ಕಟ್ಟಿದ ರಶೀದಿಗಳು ಕಟ್ಟುಗಟ್ಟಲೆ ಇವೆ. ಆದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಎಂಬ ಆಸ್ತಿ ಪತ್ರ ಬೇಕಾದರೆ ಜಾಗ ಗ್ರಾಮಠಾಣಾದ ಒಳಗಿರಬೇಕು, ಇಲ್ಲವೇ ಭೂ ಪರಿವರ್ತನೆ ಆಗಿರಬೇಕು ಎಂದರು. ನಮ್ಮದು ಎರಡೂ ಅಲ್ಲ. ಕೊಳ್ಳಲು ಮನಸ್ಸಿದ್ದವರು ಬ್ಯಾಂಕಿಗೆ ಹೋಗಿ ವಿಚಾರಿಸಿದರೆ, ಈ ಕಾಗದಕ್ಕೆ ಮನೆ ಸಾಲ ಆಗುವುದಿಲ್ಲ ಎಂಬ ಉತ್ತರ.

ಇನ್ನು ಸೊಪ್ಪಿನಬೆಟ್ಟ. ಹೋಮ್‌ಸ್ಟೇ ಮಾಡಬೇಕೆಂದು ಬಂದವರ ಕಣ್ಣು ಮೊದಲು ಬೀಳುತ್ತಿದ್ದುದೇ ಅದರ ಮೇಲೆ. ಬೆಟ್ಟ ಸರ್ಕಾರದ್ದು, ಸೊಪ್ಪು ದರಗು ತಂದು ತೋಟಕ್ಕೆ ಹಾಕುವ ಹಕ್ಕಷ್ಟೇ ನಮ್ಮದು ಎಂದರೆ ಅವರ ಉತ್ಸಾಹ ಇಳಿಯುತ್ತಿತ್ತು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಿದ ಕಸ್ತೂರಿರಂಗನ್ ವರದಿಯ ಪಟ್ಟಿಯಲ್ಲಿ ನಿಮ್ಮ ಊರಿದೆಯಾ ಎಂದು ಕೆಲವರು ಕೇಳಿದರು. 2024ರ ಜುಲೈನಲ್ಲಿ ಆ ಪ್ರದೇಶದ ಬಗ್ಗೆ ಕೇಂದ್ರದ ಆರನೇ ಕರಡು ಅಧಿಸೂಚನೆ ಬಂದ ಮೇಲೆ ಈ ಪ್ರಶ್ನೆ ಇನ್ನೂ ಜಾಸ್ತಿಯಾಯಿತು. ತೋಟ ಬಲ್ಲವರು ತಲೆ ಎತ್ತಿ ಅಡಿಕೆ ಮರದ ಸೋಗೆ ನೋಡಿದರು. ಎಲೆಚುಕ್ಕೆ ರೋಗ ಕಂಡಿತು. ಒಬ್ಬರು ಹೇಳಿದ ಬೆಲೆ ಕೇಳಿ ನಮ್ಮ ಮನೆಯವರು ಎದ್ದು ಒಳಗೆ ಹೋದರು. ಆ ದುಡ್ಡಿಗೆ ಶಿವಮೊಗ್ಗದಲ್ಲಿ ಸೈಟು ಕೂಡ ಬರುತ್ತಿರಲಿಲ್ಲ.

ಮಾರಾಟಕ್ಕಿಟ್ಟ ಮನೆಯಲ್ಲಿ ಬದುಕುವುದು ಬಹಳ ಕಷ್ಟ. ಯಾವ ಕೆಲಸಕ್ಕೂ ಕೈ ಮುಂದಾಗುವುದಿಲ್ಲ. ಹೆಂಚಿನ ಕೆಳಗಿನ ರೀಪಿಗೆ ಗೆದ್ದಲು ಹಿಡಿದರೆ, ಕೊಳ್ಳುವವರು ಹೇಗೂ ಬದಲಿಸುತ್ತಾರೆ ಅಲ್ವಾ ಅನ್ನಿಸುತ್ತದೆ. ಸತ್ತ ಅಡಿಕೆ ಮರದ ಜಾಗದಲ್ಲಿ ಸಸಿ ಇಡಬೇಕೋ ಬೇಡವೋ ತಿಳಿಯುವುದಿಲ್ಲ. ಇವತ್ತು ಇಟ್ಟ ಸಸಿ ಫಸಲು ಕೊಡಲು ಐದಾರು ವರ್ಷವಾದರೂ ಬೇಕು. ನಮ್ಮ ಸುತ್ತಮುತ್ತ ಇಂಥ ಮನೆಗಳನ್ನು ನೋಡುತ್ತಿದ್ದೇನೆ, ಹೊಟ್ಟೆ ಉರಿಯುತ್ತದೆ. ಮಾರಾಟವೂ ಆಗಿಲ್ಲ, ದುರಸ್ತಿಯೂ ಇಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸದಿದ್ದರೆ ಮಣ್ಣಿನ ಗೋಡೆ ನೀರು ಕುಡಿಯುತ್ತದೆ. ನಮ್ಮ ಕಡೆಯ ಮಳೆಗೆ ಅಂಥ ಗೋಡೆ ಎಷ್ಟು ದಿನ ತಡೆದೀತು?

ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ ಕೂತು ಮಾತಾಡಿದೆವು. ಮಕ್ಕಳಿಗೂ ಫೋನ್ ಮಾಡಿದೆವು. ಇನ್ನು ಯಾರನ್ನೂ ಕರೆತರಬೇಡಿ ಎಂದು ದಲ್ಲಾಳಿಗೆ ಹೇಳಿಬಿಟ್ಟೆವು. ಮಾರನೆಯ ವಾರವೇ ಆಚಾರ್ರನ್ನು ಕರೆಸಿ, ಹಾಳಾದ ಪಕಾಸು, ರೀಪು ಬದಲಿಸಿದೆವು. ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಿದೆವು. ಜಗಲಿಯ ಮೆಟ್ಟಿಲ ಪಕ್ಕ ಇಳಿಜಾರು ಮಾಡಿಸಿದೆವು. ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟಿದ್ದೇವೆ. ಅಡಿಕೆ ಕೊನೆ ಕೊಯ್ಯುವುದು, ಸುಲಿಯುವುದು, ಬೇಯಿಸುವುದು ಎಲ್ಲ ಚೇಣಿ ಹಿಡಿದವರದೇ. ಲಾಭ ಕಡಿಮೆ, ಆದರೆ ಮನೆಯವರು ಮಂಡಿನೋವು ಹೊತ್ತು ಓಡಾಡುವುದು ತಪ್ಪಿತು. ಮರ ಸತ್ತ ಜಾಗದಲ್ಲೆಲ್ಲ ಸಸಿ ಇಟ್ಟಿದ್ದೇವೆ.

ನೆಂಟರು ಸಿಕ್ಕಾಗ ‘ಪಾಪ, ಹೋಗ್ಲಿಲ್ವಾ’ ಎಂದು ಮರುಗುತ್ತಾರೆ. ಮರುಕ ಬೇಡ. ನಮಗೆ ಈಗ ನೆಮ್ಮದಿಯಾಗಿ ನಿದ್ದೆ ಬರುತ್ತಿದೆ. ಬೇಕಾಗಿರುವುದು ಬೇರೆ.

ಮೊದಲನೆಯದು ಮನೆಯ ದಾಖಲೆ. ಅದು ಮಾರುವವರಿಗೆ ಮಾತ್ರ ಬೇಕಾದ ಕಾಗದ ಎಂದು ನಾನೂ ತಿಳಿದಿದ್ದೆ. ಮನೆಯ ಮಾಡಿನ ದುರಸ್ತಿಗೆ ಸಾಲ ಕೇಳಲು ಹೋದಾಗಲೂ ಅದನ್ನೇ ಕೇಳಿದರು. ಸ್ವಂತ ಹಿಡುವಳಿ ಜಮೀನಿನಲ್ಲಿ ಹಿಂದಿನಿಂದ ಇರುವ ಮನೆ, ಕೊಟ್ಟಿಗೆ, ಅಂಗಳದ ಜಾಗವನ್ನು ಸರ್ಕಾರವೇ ಅಳತೆ ಮಾಡಿಸಿ ದಾಖಲೆ ಕೊಡಲಿ. ಹಳೆಯ ಕಂದಾಯ ರಶೀದಿಯನ್ನು ಆಧಾರವಾಗಿ ಒಪ್ಪಿಕೊಳ್ಳಲಿ. ಪ್ರತಿಯೊಬ್ಬ ಮುದುಕ ಮುದುಕಿ ಭೂ ಪರಿವರ್ತನೆಗೆಂದು ಕಚೇರಿಯಿಂದ ಕಚೇರಿಗೆ ಅಲೆಯಲು ಆಗುತ್ತದೆಯೇ?

ಇನ್ನೊಂದು ಬಸ್ಸು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ನಮ್ಮ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು ಮಾತ್ರ. ದುಡ್ಡು ಕೊಡಲು ನನಗೆ ಬೇಜಾರಿಲ್ಲ. ಸಂಜೆ ಒಂದು ಬಸ್ಸು ಇರಲಿ ಸಾಕು. ತೀರ್ಥಹಳ್ಳಿಗೆ ಡಾಕ್ಟರ ಹತ್ತಿರ ಹೋದವರು ಬಾಡಿಗೆ ಆಟೊ ಹಿಡಿಯದೆ ಮನೆ ಸೇರುವಂತಾಗಬೇಕು.

ಮುಂದಿನ ಗ್ರಾಮಸಭೆಯಲ್ಲಿ ಈ ಎರಡನ್ನೂ ಅರ್ಜಿಯಾಗಿ ಬರೆದು ಕೊಡುತ್ತಿದ್ದೇನೆ. ಹೊಸನಗರ, ಸಾಗರ, ಕೊಪ್ಪ ಕಡೆಯಲ್ಲಿ ನಮ್ಮ ಹಾಗೇ ಇರುವ ಓದುಗರೂ ತಮ್ಮ ಪಂಚಾಯಿತಿಗೆ ಬರೆದು ಕೊಡಿ. ಮನೆ ಕಂದಾಯದ ಹಳೆಯ ರಶೀದಿ ಸಿಕ್ಕರೆ ಅದರ ನಕಲನ್ನೂ ಜೊತೆಗಿಡಿ. ಅರ್ಜಿ ತಲುಪಿದ್ದಕ್ಕೆ ಸಹಿ, ಸೀಲು ಹಾಕಿಸಿಕೊಳ್ಳಿ.

– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು