ಐದು ನಿಮಿಷದ ಮಾತು

ಮಾನ್ಯ ಸಂಪಾದಕರೇ,

ಹೋದ ತಿಂಗಳು ಒಂದು ಬೀಳ್ಕೊಡುಗೆಯಲ್ಲಿ ನನಗೆ 5 ನಿಮಿಷ ಮಾತಾಡಲು ಹೇಳಿದ್ದರು. ನಾಲ್ಕು ಹಾಳೆ ಬರೆದುಕೊಂಡು ಹೋದೆ. ಮನಸ್ಸಿನಲ್ಲೇ ಓದಿದಾಗ ಸರಿಯಾಗೇ ಇತ್ತು. ಮೈಕ್ ಮುಂದೆ 12 ನಿಮಿಷ ಆಯಿತು! ಕೈ ನಡುಗಿ, ಹಾಳೆಯ ಪರಪರ ಸದ್ದೇ ನನ್ನ ಮಾತಿಗಿಂತ ಜಾಸ್ತಿ ಕೇಳುತ್ತಿತ್ತು. ಮನೆಯಲ್ಲಿ ಗಡಿಯಾರ ನೋಡಿಕೊಂಡು ಗಟ್ಟಿಯಾಗಿ ಓದಬೇಕಿತ್ತು. ತಪ್ಪು ನನ್ನದೇ.

1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಆಗಿನ ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಸುಮಾರು 2 ಗಂಟೆ ಮಾತಾಡಿದರು. ಆಮೇಲೆ ಎದ್ದ ಅಧ್ಯಕ್ಷ ಲಿಂಕನ್ ಎರಡು ಮೂರು ನಿಮಿಷಕ್ಕೇ ಮುಗಿಸಿದರು. ಜನಕ್ಕೆ ನೆನಪಿರುವುದು ಯಾರ ಮಾತು, ಗೊತ್ತಲ್ವಾ? ‘ಸಮಯದ ಅಭಾವದಿಂದ’ ಎಂದು ಶುರುಮಾಡಿ ಅರ್ಧ ಗಂಟೆ ಎಳೆಯುವವರು ಇದನ್ನು ಓದಲಿ.

ಈಗ ಅಂಗೈಯಗಲದ ಚೀಟಿಯಲ್ಲಿ ಮೂರೇ ಅಂಶ ಬರೆದುಕೊಳ್ಳುತ್ತೇನೆ. ಮೊದಲ ಮತ್ತು ಕೊನೆಯ ವಾಕ್ಯ ಮಾತ್ರ ಬಾಯಿಪಾಠ. ಮೊನ್ನೆ 4 ನಿಮಿಷಕ್ಕೇ ಕೂತುಬಿಟ್ಟೆ. ನಿರೂಪಕರು ಇನ್ನೂ ಹೊರಗೆ ಫೋನಿನಲ್ಲಿದ್ದರು.

– ಒಬ್ಬ ನಿವೃತ್ತ ಗುಮಾಸ್ತ