ಟ್ರೈನಿಂಗ್ ಮುಗೀತು, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ಮೊನ್ನೆ ಸರ್ಟಿಫಿಕೇಟ್ ಬಂತು. ಪಿಡಿಎಫ್ಫು. ಮನೆಯವ್ಳು ಪ್ರಿಂಟ್ ತೆಗೆಸ್ಕೊಂಡು ಬಂದು ಫ್ರಿಜ್ ಮೇಲೆ ಅಂಟಿಸಿದಾಳೆ, ಹಾಲಿನ ಲೆಕ್ಕದ ಚೀಟಿ ಪಕ್ಕದಲ್ಲೇ. ನಲವತ್ತಾರನೇ ವಯಸ್ಸಲ್ಲಿ ಮತ್ತೆ ಸ್ಟೂಡೆಂಟ್ ಆಗಿ ಕುಡಿತ, ತಂಬಾಕು, ಗಾಂಜಾ ಬಿಡಿಸೋ ವೈದ್ಯ ಕಲ್ತಿದ್ದಕ್ಕೆ ಅದೊಂದು ಕಾಗದ. ಇದ್ಯಾಕಪ್ಪಾ ಈಗ ನಿಂಗೆ ಅಂತ ಫ್ರೆಂಡ್ಸು ತುಂಬಾ ಜನ ಕೇಳಿದ್ರು, ಅವತ್ತು ನಕ್ಕು ಸುಮ್ನಾಗಿದ್ದೆ, ಇವತ್ತು ಹೇಳ್ತೀನಿ.

2020ರ ಮಾರ್ಚ್ ಕೊನೆ. ಲಾಕ್‌ಡೌನ್ ಬಿದ್ದು ನಾಲ್ಕೈದು ದಿನ ಆಗಿತ್ತು. ನಾನು ಆಗ ಬೇರೆ ಒಂದು ಆಸ್ಪತ್ರೇಲಿದ್ದೆ, ನೈಟ್ ಡ್ಯೂಟಿ. ಗಾರೆ ಕೆಲಸದವ್ರೊಬ್ರನ್ನ ಕರ್ಕೊಂಡು ಬಂದ್ರು, ಮೈಯೆಲ್ಲಾ ಬೆವರು, ಮೈ ಬಿಸಿ, ಕೈ ತಟತಟ ನಡುಗ್ತಿದೆ, ಗೋಡೆ ಮೇಲೆ ಇರುವೆ ಹರೀತಿದೆ ಅಂತ ಕೈಯಲ್ಲಿ ಒರೆಸ್ತಾ ಇದಾರೆ, ಜೊತೆಗೆ ಬಂದವ್ರು ಗಾಳಿ ಸೋಕಿದೆ ಅಂತಾರೆ. ನಂಗೆ ಆಗ ತಲೇಲಿ ಇದ್ದಿದ್ದು ಒಂದೇ, ಕೊರೊನಾ. ಸ್ವ್ಯಾಬ್ ತೆಗ್ಸಿ ಒಬ್ರನ್ನೇ ರೂಮಲ್ಲಿ ಹಾಕಿ ಗ್ಲೂಕೋಸ್ ಏರ್ಸಿ ಬಂದೆ. ಬಾಟ್ಲು ಮುಗಿಯೋ ಹೊತ್ತಿಗೆ ಫಿಟ್ಸ್ ಬಂತು. ಆಗ ಸಿಸ್ಟರ್ ಬಾಗ್ಲಲ್ಲೇ ನಿಂತು ಮೆಲ್ಲಗೆ ಕೇಳಿದ್ರು, "ಸರ್, ಬ್ರಾಂಡಿ ಅಂಗಡಿ ಮುಚ್ಚಿ ಎಷ್ಟು ದಿನ ಆಯ್ತು?"

ಅಷ್ಟೇ ಕೇಳಿದ್ದು. ನನ್ನ ಕಾಲಡಿ ನೆಲ ಜಾರ್ದಂಗಾಯ್ತು.

ದಿನಾ ಕುಡಿಯೋರು ಏಕ್‌ದಂ ನಿಲ್ಸಿದ್ರೆ ಆರೇಳು ಗಂಟೇಲೇ ಕೈ ನಡುಕ ಶುರು ಆಗುತ್ತೆ, ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನದಿಂದ ಆಚೆಗೆ ಡೆಲಿರಿಯಂ ಟ್ರೆಮೆನ್ಸ್, ಅಂದ್ರೆ ಇಲ್ಲದ್ದು ಕಾಣೋದು, ಜ್ವರ, ಹಗಲು ರಾತ್ರಿ ಗೊತ್ತಾಗ್ದೇ ಇರೋದು, ನೋಡಿಕೊಳ್ಳದಿದ್ರೆ ಜೀವಾನೇ ಹೋಗುತ್ತೆ. ಇದನ್ನ ಎಂಬಿಬಿಎಸ್‌ನಲ್ಲಿ ಓದಿದ್ದೆ, ಪರೀಕ್ಷೆಗೆ ಬರ್ದಿದ್ದೆ ಕೂಡ. ಆದ್ರೆ ಸೈಕಿಯಾಟ್ರಿ ಪೋಸ್ಟಿಂಗ್ ಅಂತ ನಮಗಿದ್ದಿದ್ದು ಎರಡು ವಾರ, ಅದ್ರಲ್ಲಿ ಒಂದು ವಾರ ಬಂಕು (ಅಪ್ಪ ಇದನ್ನ ಓದಲ್ಲ ಅನ್ನೋ ಧೈರ್ಯದಲ್ಲಿ ಬರೀತಿದೀನಿ). ಅವ್ರನ್ನ ದೊಡ್ಡಾಸ್ಪತ್ರೆಗೆ ಕಳಿಸಿದ್ವಿ, ಜೀವ ಉಳೀತು, ನೆನಪು ಪೂರ್ತಿ ವಾಪಸ್ ಬರಲಿಲ್ಲ.

ಅದಾದ್ಮೇಲೆ ನಿದ್ದೆ ಸರಿ ಬರ್ತಿರ್ಲಿಲ್ಲ ಅಂತಷ್ಟೇ ಹೇಳ್ತೀನಿ. ನಿಮ್ಹಾನ್ಸ್‌ನ ಟ್ರೈನಿಂಗ್‌ಗೆ ಅರ್ಜಿ ಹಾಕಿದ್ದು ಆ ನಿದ್ದೆಗೋಸ್ಕರ.

ಮೊದಲು ಕೆಲವು ದಿನ ಹೊಸೂರು ರಸ್ತೇಲಿ ಅವರ ಅಡಿಕ್ಷನ್ ಮೆಡಿಸಿನ್ ಸೆಂಟರಲ್ಲೇ ಕೂತು ನೋಡೋದು, ಆಮೇಲೆ ಊರಿಂದಲೇ ವಿಡಿಯೋ ಕಾಲಲ್ಲಿ ನಮ್ಮ ನಮ್ಮ ಕೇಸ್ ಹೇಳೋದು, ಅವ್ರು ಕೇಳೋದು, ಎಲ್ಲರೂ ಸೇರಿ ಹರಿದು ಹಾಕೋದು. ಎಕೋ ಅಂತ ಈ ಪದ್ಧತಿ ಹೆಸ್ರು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸಂಜೀವ್ ಅರೋರಾ ಅನ್ನೋ ಲಿವರ್ ಡಾಕ್ಟ್ರು 2003ರಲ್ಲಿ ಹೆಪಟೈಟಿಸ್ ಸಿ ರೋಗಿಗಳಿಗೋಸ್ಕರ ಶುರು ಮಾಡಿದ್ದು, ರೋಗಿ ನೂರಾರು ಮೈಲಿ ಬರೋ ಬದ್ಲು ಅವ್ರ ಊರಿನ ಡಾಕ್ಟ್ರಿಗೇ ಕಲ್ಸೋಣ ಅಂತ. ನಮ್ಮಂಥ ತಾಲೂಕಿನವ್ರಿಗೆ ಹೇಳಿ ಮಾಡಿಸಿದಂಗಿದೆ, ನೆಟ್ವರ್ಕ್ ಒಂದು ಬಿಟ್ಟು. ಎಷ್ಟೋ ಸಲ ನಮ್ಮಾಸ್ಪತ್ರೆ ನೀರಿನ ಟ್ಯಾಂಕ್ ಪಕ್ಕ ಫೋನ್ ಹಿಡ್ಕೊಂಡು ನಿಂತು ಕೇಸ್ ಪ್ರೆಸೆಂಟ್ ಮಾಡಿದೀನಿ.

ಮೊದಲ ಥ್ಯಾಂಕ್ಸ್ ಅಲ್ಲಿನ ಮೇಡಂಗೆ, ಹೆಸ್ರು ಹಾಕಬೇಡಿ ಅಂದಿದಾರೆ. ನನ್ನ ಮೊದಲನೇ ಕೇಸಲ್ಲಿ "ಪೇಷೆಂಟ್ ದಿನಾ ಜಾಸ್ತಿ ಕುಡೀತಾರೆ" ಅಂದೆ. "ಜಾಸ್ತಿ ಅಂದ್ರೆ ಎಷ್ಟು ಡಾಕ್ಟ್ರೇ?" ಒಂದು ಕ್ವಾಟ್ರು ಇರಬೋದು ಅಂದೆ. "ಇರಬೋದಾ, ಇದೆಯಾ? ಕೊನೇ ಸಲ ಕುಡಿದಿದ್ದು ಎಷ್ಟೊತ್ತಿಗೆ?" ನಾನು ಗಪ್‌ಚುಪ್. ಆಮೇಲೆ ಅವ್ರೇ ಲೆಕ್ಕ ಹೇಳಿಕೊಟ್ರು: 30 ಎಂಎಲ್ ಬ್ರಾಂಡಿ ವಿಸ್ಕಿ ಅಂದ್ರೆ ಹತ್ರಹತ್ರ 10 ಗ್ರಾಂ ಆಲ್ಕೋಹಾಲು, ಒಂದು ಯೂನಿಟ್ಟು, ಹಾಗಾಗಿ ನೈಂಟಿ ಮೂರು, ಕ್ವಾಟ್ರು ಆರು. ಈಗ ನಾನು ಪ್ಯಾಕೆಟ್ ಬಣ್ಣ ಕೇಳಿ ಯೂನಿಟ್ ಹೇಳ್ತೀನಿ, ನಮ್ಮ ಫಾರ್ಮಸಿಸ್ಟ್ ಅನುಮಾನದಿಂದ ನೋಡ್ತಾರೆ.

ಆ ಗ್ಲೂಕೋಸ್ ವಿಷ್ಯಾನೂ ಅವ್ರ ಹತ್ರಾನೇ ಹೇಳ್ಕೊಂಡೆ, ಅದುವರೆಗೂ ಯಾರಿಗೂ ಹೇಳಿರ್ಲಿಲ್ಲ. ಕುಡಿತದವ್ರ ಮೈಯಲ್ಲಿ ಥಯಮಿನ್, ಅದೇ ಬಿ1, ಖಾಲಿ ಆಗಿರುತ್ತೆ, ಅದನ್ನ ಕೊಡದೆ ಬರೀ ಗ್ಲೂಕೋಸ್ ಏರ್ಸಿದ್ರೆ ಇರೋ ಚೂರೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. "ಆ ಒಂದು ಬಾಟ್ಲಿಂದಲೇ ಹಿಂಗಾಯ್ತು ಅಂತ ಹೇಳಕ್ಕಾಗಲ್ಲ, ಅವ್ರು ಎಷ್ಟೋ ವರ್ಷದಿಂದ ಊಟ ಬಿಟ್ಟು ಕುಡಿದಿರ್ತಾರೆ. ಆದ್ರೆ ಥಯಮಿನ್ ಕೊಡ್ಬೇಕಿತ್ತು" ಅಂದ್ರು. ಬಿಡಿ ಪರ್ವಾಗಿಲ್ಲ ಅನ್ಲಿಲ್ಲ ನೋಡಿ, ಅದಕ್ಕೇ ಜಾಸ್ತಿ ಥ್ಯಾಂಕ್ಸ್.

ನಮ್ಮ ಕೌನ್ಸೆಲರ್ ಹುಡುಗಿಗೆ. ನಾನು ಬಾಯಿ ಮುಚ್ಚೋದು ಕಲ್ತಿದ್ದು ಅವ್ಳಿಂದ. ರೋಲ್ ಪ್ಲೇನಲ್ಲಿ ಅವ್ಳು ಪೇಷೆಂಟ್, ನಾನು ಡಾಕ್ಟ್ರು, ಮೂರು ನಿಮಿಷದಲ್ಲಿ ನಾನು ಲಿವರ್ ಹೋಗುತ್ತೆ, ಮಕ್ಕಳು ಬೀದಿಗೆ ಬರ್ತಾರೆ ಅಂತ ಭಾಷಣ ಮುಗಿಸಿದ್ದೆ. "ಸರ್, ನಂಗೆ ಈಗ ಎಣ್ಣೆ ಹೊಡೀಬೇಕು ಅನ್ಸ್ತಿದೆ" ಅಂದ್ಲು. ಈಗ ಮೊದ್ಲು ಕೇಳೋದು, ಕುಡಿದ್ರೆ ನಿಮಗೆ ಏನು ಸಿಗುತ್ತೆ ಅಂತ. ಜನ ಗಾಬರಿ ಆಗ್ತಾರೆ, ಯಾವ ಡಾಕ್ಟ್ರೂ ಹಂಗೆ ಕೇಳಿರಲ್ಲ. ಸೊಂಟನೋವು, ನಿದ್ದೆ, ಸಾಲದ ಯೋಚ್ನೆ, ಒಂದೊಂದೇ ಆಚೆ ಬರುತ್ತೆ.

ಡೈಸಲ್ಫಿರಾಂ ಅನ್ನೋ ಕುಡಿತ ಬಿಡಿಸೋ ಗುಳಿಗೆ ಸಾರಲ್ಲಿ ಕಲಸಿ ಕೊಡ್ತಿದ್ದ ತಾಯಂದಿರಿಗೂ ಥ್ಯಾಂಕ್ಸ್, ಬೈದೆ ಅಂತ ಬೇಜಾರು ಮಾಡ್ಕೋಬೇಡಿ. ಗೊತ್ತಿಲ್ದೆ ಅದರ ಮೇಲೆ ಕುಡಿದ್ರೆ ಬಿಪಿ ಕುಸಿದು ಹೋಗುತ್ತೆ, ಪ್ರಾಣಕ್ಕೇ ಅಪಾಯ. ಕುಡಿಯೋರಿಗೇ ಹೇಳಿ, ಅವ್ರು ಒಪ್ಪಿದ್ರೆ ಮಾತ್ರ ಕೊಡಿ. ಬೇರೆ ಮಾತ್ರೆಗಳೂ ಇವೆ, ಬನ್ನಿ ಮಾತಾಡೋಣ.

ಅಯ್ಯಪ್ಪ ಮಾಲೆಯ ಗುರುಸ್ವಾಮಿಗಳಿಗೆ ಸ್ಪೆಷಲ್ಲಾಗಿ. ಪ್ರತಿ ಸೀಸನ್ನಲ್ಲೂ ಮಾಲೆ ಹಾಕಿದ ಎರಡ್ಮೂರು ದಿನಕ್ಕೆ ಯಾರಾದ್ರೊಬ್ರು ನಡುಗ್ತಾ ಬರ್ತಿದ್ರು, ಭಕ್ತಿಯಿಂದ ಏಕ್‌ದಂ ಬಿಟ್ಟಿರ್ತಾರೆ ಪಾಪ. ಹೋಗಿ ಮಾತಾಡಿದೆ. ಈಗ ಗುರುಸ್ವಾಮಿಗಳೇ, ದಿನಾ ಕುಡಿಯೋರಾದ್ರೆ ಮೊದ್ಲು ಡಾಕ್ಟ್ರ ಹತ್ರ ಹೋಗಿ ಬಾ ಸ್ವಾಮಿ, ಆಮೇಲೆ ಮಾಲೆ ಅಂತ ಕಳಿಸ್ತಾರೆ. ನಮ್ಮ ಕಡೆ ಯಾವ ಪೋಸ್ಟರ್ರೂ ಇಷ್ಟು ಕೆಲಸ ಮಾಡಿಲ್ಲ.

ಆ ಗಾರೆ ಕೆಲಸದವ್ರ ಮನೆಯಮ್ಮಂಗೆ ಏನು ಹೇಳೋದು ಗೊತ್ತಾಗ್ತಿಲ್ಲ. ಅವ್ರನ್ನ ಕೇಳೇ ಇದನ್ನೆಲ್ಲಾ ಬರೀತಿದೀನಿ. ನನ್ನನ್ನ ಹುಡುಕ್ಕೊಂಡು ಈ ಊರಿಗೂ ಬರ್ತಾರೆ, ಎರಡು ಬಸ್ ಬದಲಾಯಿಸಿ, ಗಂಡನ ಕೈ ಹಿಡ್ಕೊಂಡು. ಗಂಡ ಪ್ರತಿ ಸಲಾನೂ ನನ್ನ ನೋಡಿ "ಡಾಕ್ಟ್ರು ಹೊಸಬ್ರಾ?" ಅಂತಾರೆ. ಮನೆಯಮ್ಮ "ಹೂಂ ಕಣ್ರೀ, ಹೊಸಬ್ರು" ಅಂದು ನನ್ನ ಕಡೆ ನೋಡಿ ಒಂಚೂರು ನಗ್ತಾರೆ. ಆ ರಾತ್ರಿ ಏನಾಯ್ತು ಅಂತ ನಾನು ಅವ್ರಿಗೆ ಪೂರ್ತಿ ಹೇಳಿದೀನಿ. ಆಮೇಲೂ ಬರ್ತಾರೆ.

ಇನ್ನು ಬಾಗ್ಲಲ್ಲಿ ನಿಂತು ಕೇಳಿದ ಸಿಸ್ಟರ್, ನೀವೀಗ ರಿಟೈರ್ ಆಗಿ ಮೊಮ್ಮಗು ಆಡಿಸ್ತಿದೀರ ಅಂತ ಗೊತ್ತಾಯ್ತು, ಮೈಸೂರ್‌ಪಾಕ್ ತಗೊಂಡು ಭಾನುವಾರ ಬರ್ತೀನಿ. ಇಲ್ಲಿ ಎಲ್ಲಾ ಕೇಸ್ ಶೀಟಲ್ಲೂ ಸ್ಕೇಲ್ ಇಟ್ಟು ಒಂದು ಗೆರೆ ಎಳೆಸಿದೀನಿ, "ಕೊನೇ ಕುಡಿತ: ದಿನ, ಟೈಮು". ಅದು ನಿಮ್ಮ ಗೆರೆ.

ನಮ್ಮ ವಾರ್ಡಿನವ್ರೇ, ನಾಳೆ ಮಂಗಳವಾರ, ಮಾನಸಿಕ ಆರೋಗ್ಯದ ಮನೋಚೈತನ್ಯ ಓಪಿಡಿ. ಥಯಮಿನ್ ಇಂಜೆಕ್ಷನ್‌ಗೆ ಇಂಡೆಂಟ್ ಹಾಕಿದೀರಾ ತಾನೇ?