'ರಿವರ್ಟ್' ಅಂತ ಬರೆದು ಮೂರು ದಿನದ ಕೆಲಸ ಕಳೆದುಕೊಂಡೆ

ಲೀಡ್ಸ್, ಇಂಗ್ಲೆಂಡ್
ಭಾನುವಾರ ಬೆಳಗ್ಗೆ

ಅಪ್ಪ, ಅಮ್ಮ ಇಬ್ಬರಿಗೂ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ. ಅಮ್ಮ ಕೇಳುವ ಮುಂಚೆಯೇ ಹೇಳಿಬಿಟ್ಟೆ.

ಫೋನ್ ಬಿಟ್ಟು ಪತ್ರ ಬರೆಯೋದಕ್ಕೆ ಕಾರಣ ಇದೆ. ಪುಟ್ಟ ಇಲ್ಲಿನ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾನಲ್ಲ, ಒಂದು ಮೇಲ್ ಬರೆದು 'ಸರಿ ಇದೆಯಾ ನೋಡಕ್ಕ' ಅಂತ ನನಗೆ ಕಳಿಸಿದ್ದ. ಕೊನೆಯ ಸಾಲು ಓದಿ ಎದೆ ಧಸಕ್ಕೆಂದಿತು. 'ಕೈಂಡ್ಲಿ ಡು ದ ನೀಡ್‌ಫುಲ್ ಅಂಡ್ ರಿವರ್ಟ್.' ಥೇಟ್ ನಿಮ್ಮ ಸಾಲು ಅಪ್ಪ! ಸೊಸೈಟಿ ಆಫೀಸಿನಲ್ಲಿ ಕೂತು ಅಷ್ಟು ವರ್ಷ ನೀವು ಬರೆದ ಸಾಲು. ನನಗೂ ಅದನ್ನೇ ಕಲಿಸಿದ್ದಿರಿ. ಅದರಿಂದ ನನಗೆ ಏನಾಯಿತು ಅಂತ ಇಲ್ಲಿಯವರೆಗೆ ನಿಮಗೆ ಹೇಳಿರಲಿಲ್ಲ.

ಕೆಲಸಕ್ಕೆ ಸೇರಿ ಎರಡನೇ ತಿಂಗಳು. ನಮ್ಮ ವೆಬ್‌ಸೈಟಿನ ಒಂದು ಪುಟವನ್ನು ಮೂರು ದಿನ ಕೂತು ತಿದ್ದಿದ್ದೆ. ಬಣ್ಣ, ಬಟನ್ನು, ಒಂದೊಂದು ಸಾಲು. ಶುಕ್ರವಾರ ಮಧ್ಯಾಹ್ನ ಜೊತೆಯವನಿಗೆ ಮೇಲ್ ಹಾಕಿದೆ. ನನ್ನ ಬದಲಾವಣೆಗಳನ್ನು ನೋಡಿ, ಸಂಜೆಯೊಳಗೆ 'ಪ್ಲೀಸ್ ರಿವರ್ಟ್' ಅಂತ. ಕಾಫಿ ಕುಡಿದು ಬರುವಷ್ಟರಲ್ಲಿ ಉತ್ತರ ಬಂದಿತ್ತು. ಒಂದೇ ಪದ: 'ಡನ್.' ಖುಷಿಯಿಂದ ಪುಟ ತೆಗೆದರೆ ನನ್ನ ಕೆಲಸ ಎಲ್ಲಾ ಮಾಯ. ಹಳೇ ಬಣ್ಣ, ಹಳೇ ಬಟನ್ನು, ಹಳೇ ತಪ್ಪುಗಳು ಕೂಡ ಇದ್ದಲ್ಲೇ ಇವೆ.

ಅವನದೇನೂ ತಪ್ಪಿಲ್ಲ. ರಿವರ್ಟ್ ಅಂದರೆ ಇಲ್ಲಿ ಮೊದಲಿದ್ದ ಸ್ಥಿತಿಗೇ ವಾಪಸ್ ತರೋದು. ಉತ್ತರ ಬರೆಯೋದು ಅನ್ನುವುದು ನಮ್ಮ ಕಡೆಯ ಅರ್ಥ. ಪುಣ್ಯಕ್ಕೆ ಕಂಪ್ಯೂಟರು ಹಳೆಯದು, ಹೊಸದು ಎರಡನ್ನೂ ಇಟ್ಟುಕೊಂಡಿತ್ತು. ಎರಡು ನಿಮಿಷದಲ್ಲಿ ನನ್ನ ಪುಟ ಮತ್ತೆ ಬಂತು. ಕಣ್ಣೀರು ಒರೆಸಿಕೊಳ್ಳೋಕೆ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಿತು.

'ಡು ದ ನೀಡ್‌ಫುಲ್' ವಿಷಯದಲ್ಲಿ ನಾನು ನಿಮ್ಮ ಕಡೆಯೇ ಅಪ್ಪ. ಅದು ನಾವು ಹುಟ್ಟಿಸಿದ್ದಲ್ಲ. ಇಂಗ್ಲಿಷರೇ ಒಂದು ಕಾಲದಲ್ಲಿ ತಮ್ಮ ಕಾಗದಗಳಲ್ಲಿ ಧಾರಾಳವಾಗಿ ಬರೆಯುತ್ತಿದ್ದ ಮಾತು. ನಮಗೆ ಕಲಿಸಿ ತಾವು ಮರೆತುಬಿಟ್ಟರು. ಈಗ ನಾವು ಬರೆದರೆ ಮುತ್ತಾತನ ಕಾಗದ ಬಂದ ಹಾಗೆ ನೋಡುತ್ತಾರೆ. ಪುಟ್ಟ, ನೀನು ಸುಮ್ನೆ 'ರಿಪ್ಲೈ' ಅಂತ ಬರಿ.

ಕಷ್ಟದ ಪದ ಬಂದರೆ ಡಿಕ್ಷನರಿ ನೋಡುತ್ತೇವೆ. ಗೊತ್ತಿರೋ ಪದಕ್ಕೆ ಯಾರು ನೋಡುತ್ತಾರೆ ಹೇಳಿ? ನಾನು ಎಡವಿದ್ದೆಲ್ಲ ಅಂಥವುಗಳಲ್ಲೇ. ಇಂಟರ್‌ವ್ಯೂನಲ್ಲಿ 'ಕಾಲೇಜಿನಲ್ಲಿ 2016ರಲ್ಲಿ ಪಾಸ್ ಔಟ್ ಆದೆ' ಅಂದೆ. ಎದುರಿಗಿದ್ದ ಮೇಡಂ ಗಾಬರಿಯಾಗಿ 'ಈಗ ಹುಷಾರಾಗಿದ್ದೀರಾ?' ಅಂತ ಕೇಳಿದರು. ಇಲ್ಲಿ ಮಿಲಿಟರಿಯವರು ತರಬೇತಿ ಮುಗಿಸಿದರೆ ಪಾಸ್ ಔಟ್. ಬೇರೆ ಯಾರಾದರೂ ಪಾಸ್ ಔಟ್ ಆದರೆ ಮುಖಕ್ಕೆ ನೀರು ಚಿಮುಕಿಸಬೇಕು! ಕಾಲೇಜು ಮುಗಿಸಿದ್ದಕ್ಕೆ 'ಗ್ರಾಜುಯೇಟೆಡ್' ಅನ್ನಬೇಕು.

ಮುಂದಿನ ನಾಲ್ಕು ಸಾಲು ಅಮ್ಮ ಓದೋದು ಬೇಡ. ಇಲ್ಲಿ ಪ್ಯಾಂಟ್ಸ್ ಅಂದರೆ ಸಾಮಾನ್ಯವಾಗಿ ಒಳಗೆ ಹಾಕೋದು. ಹೊರಗೆ ಕಾಣೋದು ಟ್ರೌಸರ್ಸ್. ಮಳೆಯಲ್ಲಿ ನೆನೆದು ಬಂದ ದಿನ ಇಡೀ ಆಫೀಸಿಗೆ ಕೇಳುವ ಹಾಗೆ 'ಮೈ ಪ್ಯಾಂಟ್ಸ್ ಆರ್ ವೆಟ್' ಅಂದಿದ್ದೇನೆ. ಯಾರೂ ನಗಲಿಲ್ಲ, ಅದೇ ಇನ್ನೂ ಕಷ್ಟವಾಗಿದ್ದು.

ಅಮ್ಮ, ಇಲ್ಲಿಂದ ಓದು. ಪಕ್ಕದ ಮನೆ ಅಜ್ಜಿ ಒಂದು ಸಂಜೆ ಟೀಗೆ ಕರೆದರು. 'ಹಾಫ್ ಸಿಕ್ಸ್‌ಗೆ ಬಾ' ಅಂದರು. ಆರಕ್ಕೆ ಅರ್ಧ ಕಡಿಮೆ, ಅಂದರೆ ಐದೂವರೆ ಅಂತ ಲೆಕ್ಕ ಹಾಕಿದೆ. ಟೀಗೆ ಸರಿಯಾದ ಹೊತ್ತೇ, ಅಲ್ವಾ? ಅವತ್ತು ರಜಾ. ಎದ್ದಿದ್ದೇ ತಡ, ಅಡುಗೆಯೂ ತಡ. ನಾಲ್ಕು ಗಂಟೆಗೆ ಅನ್ನ ಹುಳಿ ಚೆನ್ನಾಗಿ ಬಾರಿಸಿ ಹೋದೆ. ಬಾಗಿಲು ತೆಗೆದ ಅಜ್ಜಿಯ ಕೈಯಲ್ಲಿ ಅರ್ಧ ಸಿಪ್ಪೆ ಸುಲಿದ ಆಲೂಗಡ್ಡೆ. ಹಾಫ್ ಸಿಕ್ಸ್ ಅಂದರೆ ಆರೂವರೆ ಅಂತೆ! ಇಂಗ್ಲೆಂಡಿನ ಈ ಉತ್ತರದ ಕಡೆ ಟೀ ಅಂದರೆ ಎಷ್ಟೋ ಮನೆಗಳಲ್ಲಿ ರಾತ್ರಿ ಊಟ. ಸರಿ, ಇನ್ನೇನು ಮಾಡೋದು, ಅವರ ಜೊತೆ ಕೂತು ಉಳಿದ ಆಲೂಗಡ್ಡೆ ಸುಲಿದೆ. ಚೀಸ್ ಹಾಕಿದ ಪೈ, ಬಟಾಣಿ, ಬೇಯಿಸಿದ ಆಲೂಗಡ್ಡೆ, ತಟ್ಟೆ ತುಂಬ ಬಡಿಸಿದರು. 'ಬೇಡ' ಅನ್ನೋಕೆ ಬಾಯಿ ಬರಲಿಲ್ಲ, ಎಲ್ಲಾ ತಿಂದೆ. ಆಫೀಸಿನ ಜರ್ಮನ್ ಗೆಳತಿಗೆ ಹೇಳಿದರೆ ಅವಳು ನನ್ನ ಪರ. ಅವರ ಭಾಷೆಯಲ್ಲಿ ಹಾಗಂದರೆ ಐದೂವರೆಯೇ ಅಂತೆ.

ಪುಟ್ಟ, ನಿನಗೆ ಪರೀಕ್ಷೆಗೆ ಬೇಕಾಗೋದು ಸ್ಪೆಲ್ಲಿಂಗು. 'ಅಡ್ವೈಸ್' ಒಂದನ್ನು ಸರಿಯಾಗಿ ನೆನಪಿಟ್ಟುಕೋ. ಕೊಡುವ ಸಲಹೆಯಾದರೆ ಸಿ, ಸಲಹೆ ಕೊಡುವ ಕೆಲಸವಾದರೆ ಎಸ್. ಎಸ್ ಇದ್ದಾಗ ಉಚ್ಚಾರ ಝಡ್‌ನ ಹಾಗೆ, ಕಿವಿಗೇ ಗೊತ್ತಾಗುತ್ತದೆ. ಲೈಸೆನ್ಸ್, ಪ್ರ್ಯಾಕ್ಟಿಸ್ ಎರಡರಲ್ಲೂ ಉಚ್ಚಾರ ಬದಲಾಗೋದಿಲ್ಲ, ಆದರೆ ಬ್ರಿಟನ್ನಿನಲ್ಲಿ ನಿಯಮ ಅದೇ. ನಿನ್ನ ಜೇಬಿನಲ್ಲಿರುವ ಡಿಎಲ್‌ಗೆ ಸಿ. ಅಮೆರಿಕದವರು ಲೈಸೆನ್ಸ್‌ಗೆ ಯಾವಾಗಲೂ ಎಸ್ ಹಾಕುತ್ತಾರೆ, ಪ್ರ್ಯಾಕ್ಟಿಸ್‌ಗೆ ಯಾವಾಗಲೂ ಸಿ. ಯಾಕೆ ಅಂತ ನನ್ನನ್ನು ಕೇಳಬೇಡ.

ಸ್ಟೇಷನರಿ ಕಥೆ ಅಪ್ಪನಿಗೆ ಇಷ್ಟ ಆಗುತ್ತದೆ. ಪೆನ್ನು ಪೇಪರಿನ ಸ್ಟೇಷನರಿಗೆ ಕೊನೆಯಲ್ಲಿ ಇ, ಆರ್, ವೈ. ನಿಂತಲ್ಲೇ ನಿಂತಿರೋದಕ್ಕೆ ಎ, ಆರ್, ವೈ. ಎರಡೂ ಒಂದೇ ಬೇರಿನವು. ಹಿಂದೆ ಯುರೋಪಿನಲ್ಲಿ ವ್ಯಾಪಾರಿಗಳು ಸಾಮಾನ್ಯವಾಗಿ ಊರೂರು ತಿರುಗುತ್ತಿದ್ದರು. ಪುಸ್ತಕ ಮಾರುವವರು ವಿಶ್ವವಿದ್ಯಾಲಯದ ಹತ್ತಿರ ಒಂದೇ ಕಡೆ ಅಂಗಡಿ ಇಟ್ಟು ಕೂರುತ್ತಿದ್ದರು. ಅದಕ್ಕೇ ಅವರು ಸ್ಟೇಷನರ್. ಅವರ ಅಂಗಡಿಯ ಸಾಮಾನು ಸ್ಟೇಷನರಿ.

ಇನ್ನೊಂದು. ನಮ್ಮೂರ ಬಂಕಿಗೆ ಬರುವ ಪೆಟ್ರೋಲ್ ಟ್ಯಾಂಕರ್ ಹಿಂದೆ 'ಹೈಲಿ ಇನ್‌ಫ್ಲೇಮಬಲ್' ಅಂತ ಬರೆದಿರುತ್ತದಲ್ಲ, ಕರೆಕ್ಟ್‌ಗೆ ಇನ್‌ಕರೆಕ್ಟ್ ಇದ್ದ ಹಾಗೆ ಇದು ಬೆಂಕಿ ಹತ್ತದ್ದು ಅಂತ ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ. ಜನ ಹೀಗೆ ತಪ್ಪು ತಿಳಿದಾರು ಅನ್ನೋ ಭಯಕ್ಕೇ 1920ರ ದಶಕದಲ್ಲಿ ಅಮೆರಿಕದ ಅಗ್ನಿ ಸುರಕ್ಷತಾ ಸಂಘದವರು 'ಫ್ಲೇಮಬಲ್' ಅಂತ ಬಳಸಿ ಅಂದರು. ಎರಡಕ್ಕೂ ಅರ್ಥ ಒಂದೇ, ಬೇಗ ಹತ್ತಿಕೊಳ್ಳೋದು. ಪುಟ್ಟ, ಆ ಟ್ಯಾಂಕರ್ ಪಕ್ಕ ಬೈಕ್ ನಿಲ್ಲಿಸಿಕೊಂಡು ಹರಟೆ ಹೊಡೆಯಬೇಡ.

ಅಪ್ಪ, ನೀವು ಬೇಜಾರು ಮಾಡಿಕೊಳ್ಳಬೇಡಿ. ಸೊಸೈಟಿಗೆ ಬರೆಯುವಾಗ ನಿಮ್ಮ ಹಳೇ ಸಾಲನ್ನೇ ಬರೆಯಿರಿ. ಅಲ್ಲಿ ರಿವರ್ಟ್ ಅಂದರೆ ಉತ್ತರವೇ ಬರುತ್ತದೆ. ಪುಟ್ಟನ ಮೇಲ್ ತಿದ್ದಿ ಕಳಿಸಿದ್ದೇನೆ.

ಮುಂದಿನ ಭಾನುವಾರ ಏಳೂವರೆಗೆ ಫೋನ್ ಮಾಡುತ್ತೇನೆ. ನಿಮ್ಮ ಗಡಿಯಾರದ ಏಳೂವರೆ, ಸಂಜೆಯದ್ದು.

ಇಂತಿ ನಿಮ್ಮ ಮಗಳು